ಅರಣ್ಯ ಠಾಣೆಯ ಅಂಗವ್ಯಾಖ್ಯಾನ

ಇಲ್ಲಿ ವ್ಯಾಖ್ಯೇಯವು ರೇಂಜ್ ಕಚೇರಿ. ವಿಶಾಖಪಟ್ನದ ಏಜೆನ್ಸಿ ಮಲೆಗಳಲ್ಲಿಯೂ ಬೆಜವಾಡಕ್ಕೆ, ಎಂದರೆ ಇಂದಿನ ವಿಜಯವಾಡಕ್ಕೆ, ಸಮೀಪದ ಕೊಂಡಪಲ್ಲಿ ಗುಡ್ಡಗಳಲ್ಲಿಯೂ ಕಾಡು ಕಾಯುವ ಸರ್ಕಾರಿ ಮನೆ.

'ತಳಹದಿ' — ಕಲ್ಲುಗಾರೆಯೆಂದಷ್ಟೇ ಗ್ರಹಿಸಲಾಗದು. 1967ರವರೆಗೆ 1882ರ ಮದರಾಸು ಅರಣ್ಯ ಕಾಯಿದೆಯೇ ಇದರ ಪಾಯವಾಗಿತ್ತು. ಅದರ 4ನೆಯ ಪ್ರಕರಣವು ಕಾಡನ್ನು ಕಾದಿರಿಸುವ ಸಂಕಲ್ಪವನ್ನು ಸಾರುತ್ತಿತ್ತು. 16ನೆಯದು ಆ ಸಂಕಲ್ಪವನ್ನು ಸಿದ್ಧಿಗೆ ತರುತ್ತಿತ್ತು. ಹಕ್ಕುದಾರರ ಅಹವಾಲಿಗೆ ಎಡೆಯಿದ್ದುದು ಇವೆರಡರ ನಡುವೆ. ಇದೇ ಕಾಯಿದೆ ದಕ್ಷಿಣ ಕನ್ನಡ, ಕಾಸರಗೋಡು, ಬಳ್ಳಾರಿಗಳಲ್ಲಿಯೂ ನಡೆಯಿತಾಗಿ ಈ ಮನೆಯ ಲಕ್ಷಣ ಕನ್ನಡಿಗರಿಗೆ ಹೊಸದಲ್ಲ.

'ರೇಂಜ್' — ಬೀಟುಗಳು ಕೂಡಿ ಸೆಕ್ಷನ್, ಸೆಕ್ಷನ್‌ಗಳು ಕೂಡಿ ರೇಂಜ್. ರೇಂಜರರ ತರಬೇತಿಗೆಂದು 1912ರಲ್ಲಿ ಕೊಯಮತ್ತೂರಿನಲ್ಲಿ ಅರಣ್ಯ ಕಾಲೇಜು ತೆರೆಯಿತು.

'ಜಗಲಿ' — ಬಿಸಿಲುಮಳೆಗೆ ಮರೆ ಎಂಬುದು ವಾಚ್ಯಾರ್ಥ ಮಾತ್ರ. ಒಳಗಿರುವುದು ದಫ್ತರು, ಹೊರಗಿರುವುದು ಕಾಡು. ಎರಡಕ್ಕೂ ಸೇರದೆ ಕಾಯುವವನ ತಾಣ ಜಗಲಿ. ಕಾಯುವವನು ಯಾರು? ಪೋಡು ಮಾಡುವವನು. ಪೋಡು ಎಂದರೆ ಗುಡ್ಡದ ಕಾಡನ್ನು ಕಡಿದು, ಸುಟ್ಟು, ಬೂದಿಯಲ್ಲಿ ಬಿತ್ತುವ ಬೇಸಾಯ, ನಮ್ಮಲ್ಲಿ ಕುಮರಿ. ದಕ್ಷಿಣ ಕನ್ನಡದಲ್ಲಿ ಅನುಮತಿಯಿಲ್ಲದ ಕುಮರಿಯನ್ನು ಮದರಾಸು ಸರ್ಕಾರ 1860ರಲ್ಲೇ ನಿಷೇಧಿಸಿತ್ತು. ನಿನ್ನೆಯವರೆಗೆ ಬೇಸಾಯವಾಗಿದ್ದುದು ಕಾಯಿದೆಯಿಂದ ಅಪರಾಧವಾಯಿತು. ಬೇಸಾಯಗಾರ ಜಗಲಿಗೆ ಬಂದುದು ಹೀಗೆ.

'ಅಂಗಳ' — ನಾಟಾ ರಾಶಿ ಹಾಕುವ ಜಾಗ. ಮುಟ್ಟುಗೋಲಾದ ದಿಮ್ಮಿಗಳೂ ಮಹಜರಾದ ಮೇಲೆ ಇಲ್ಲಿಯೇ ಬೀಳುತ್ತವೆ. ಕೊಂಡಪಲ್ಲಿ ಬೊಂಬೆಗೆ ಬೇಕಾದ ಹಗುರವಾದ ಪೊನಿಕಿ ಮರ ಆ ಗುಡ್ಡಗಳದೇ; ಆದುದರಿಂದ ಬೊಂಬೆ ಕೆತ್ತುವವನಿಗೂ ಕಾದಿರಿಸಿದ ಕಾಡಿನ ಸಂಬಂಧ ತಪ್ಪದು.

'ಸುತ್ತಿಗೆ' — ಗೋಡೆಯೊಳಗೆ ಬೀಗದಲ್ಲಿರತಕ್ಕದ್ದು. ಇದರ ಮುಖದಲ್ಲಿ ಅಕ್ಷರ ಕೊರೆದಿರುತ್ತದೆ. ದಿಮ್ಮಿಯ ತುದಿಗೆ ಬಡಿದರೆ ಅದೇ ಮುದ್ರೆ. ಮುದ್ರೆಯಿದ್ದರೆ ಸರಕು, ಇಲ್ಲದಿದ್ದರೆ ಕಳವು. ಇಡೀ ಮನೆಯ ಅಧಿಕಾರ ಈ ಒಂದು ಕಬ್ಬಿಣದಲ್ಲಿದೆ ಎಂದರೆ ಅತಿಶಯೋಕ್ತಿಯಲ್ಲ.

ಇಲ್ಲಿ ಆಕ್ಷೇಪ: ಪೋಡು ಮಾಡುವವನ ಸಂಕಟದ ಮೂಲ ಅರಣ್ಯ ಕಾಯಿದೆಯಾದರೆ, 1922ರ ಆಗಸ್ಟ್ 22ರಂದು ಮಲೆಜನರ ದಂಗೆಯ ಮುಂದಾಳು ಅಲ್ಲೂರಿ ಸೀತಾರಾಮರಾಜು ಅದೇ ಏಜೆನ್ಸಿಯ ಚಿಂತಪಲ್ಲಿಯಲ್ಲಿ ನುಗ್ಗಿದ್ದು ಪೊಲೀಸ್ ಠಾಣೆಗೆ ಏಕೆ? ಸಮಾಧಾನ: ಬೇಕಾಗಿದ್ದುದು ಬಂದೂಕು, ಅದಿದ್ದುದು ಅಲ್ಲಿ. ಮರುದಿನ ಕೃಷ್ಣದೇವಿಪೇಟೆ, ಅದರ ಮರುದಿನ ರಾಜವೊಮ್ಮಂಗಿ, ಅವೂ ಪೊಲೀಸ್ ಠಾಣೆಗಳೇ. ಪೋಡಿನ ತಡೆಯೊಡನೆ ರಸ್ತೆ ಕೆಲಸದ ಬಲವಂತದ ದುಡಿಮೆಯೂ ಆ ದಂಗೆಗೆ ಕಾರಣವೆಂದು ಸೇರಿಸಿಕೊಳ್ಳತಕ್ಕದ್ದು. 2022ರ ಏಪ್ರಿಲಿನಿಂದ ಚಿಂತಪಲ್ಲಿಯಿರುವುದು ಅಲ್ಲೂರಿ ಸೀತಾರಾಮರಾಜು ಜಿಲ್ಲೆಯಲ್ಲಿ.