ಕೂಪರನ ಕಾದಂಬರಿಯಲ್ಲಿ ಜಿಂಕೆಯ ಬೇಟೆ

ಜೇಮ್ಸ್ ಫೆನಿಮೋರ್ ಕೂಪರನ ‘ದಿ ಪಯೋನಿಯರ್ಸ್’ (1823) ಎಂಬ ಕಾದಂಬರಿಯು 1793ರ ನ್ಯೂಯಾರ್ಕ್ ಪ್ರಾಂತದ ಕಾಡಿನಲ್ಲಿ, ಜಿಂಕೆಯೊಂದನ್ನು ಕೊಂದವರಾರೆಂಬ ವಿವಾದದಿಂದ ಮೊದಲಾಗುತ್ತದೆ. ನ್ಯಾಯಾಧೀಶ ಟೆಂಪಲನ ಒಂದು ಈಡಿನ ಐದು ಗುಂಡುಗಳಲ್ಲಿ ನಾಲ್ಕು ಮರವನ್ನೂ ಒಂದು ತರುಣನೊಬ್ಬನ ಭುಜವನ್ನೂ ಹೊಗುತ್ತವೆ. ವೃದ್ಧ ಬೇಟೆಗಾರ ನ್ಯಾಟಿಯಾದರೋ ನಳಿಗೆಯ ಬಾಯಿಂದ ಮದ್ದು ತುಂಬುವ ಹಳೆಯ ರೈಫಲಿನ ಒಂದೇ ಗುಂಡಿನಿಂದ, ಪಾರಿವಾಳಗಳ ಮಹಾಸಮೂಹದಲ್ಲಿಯೂ, ತನಗೆ ಬೇಕಾದ ಒಂದನ್ನೇ ಹೊಡೆಯುತ್ತಾನೆ. ಇದರಿಂದ ಸಂಯಮವು ಆ ಆಯುಧದ ಗುಣವೆಂದು ವಾಚಕರಿಗೆ ತೋರುವುದು ಸಹಜ. ಆದರೆ ನಿಷಿದ್ಧ ಕಾಲದಲ್ಲಿ ಸರೋವರವನ್ನು ಈಜುತ್ತಿದ್ದ ಜಿಂಕೆಯನ್ನು ಕಂಡು ಅವನೂ ಮನಸೋತು ಅದನ್ನು ಕತ್ತಿಯಿಂದ ಕೊಲ್ಲುತ್ತಾನೆ. ನ್ಯಾಯಸ್ಥಾನದ ಮೆಟ್ಟಿಲನ್ನೂ ಹತ್ತಬೇಕಾಗುತ್ತದೆ. ಬೇಟೆಗಾರನನ್ನು ಹೀಗೆ ದುರ್ಬಲನಾಗಿಯೂ ಚಿತ್ರಿಸಿದುದರಿಂದಲೇ, ಕಾಯಿದೆಗೂ ಕಾಡಿನ ಧರ್ಮಕ್ಕೂ ನಡೆದ ಈ ವ್ಯಾಜ್ಯವು ಏಕಪಕ್ಷೀಯವಾಗದೆ ಗಂಭೀರವಾಗಿ ಉಳಿದಿದೆ.