ಆತಕೂರಿನ ಕಲ್ಲು: ಓದುವ ಬಗೆ

ಹಳೆಯ ಕಲ್ಲೊಂದು ಕಣ್ಣಿಗೆ ಬಿದ್ದೊಡನೆ ನಾವು ಕೇಳುವ ಮೊದಲ ಪ್ರಶ್ನೆ, ‘ಇದು ಯಾವ ಅರಸನ ಕಾಲದ್ದು?’ ಎಂಬುದು. ಪ್ರಶ್ನೆ ತಪ್ಪಲ್ಲ, ಅಲ್ಲಿಗೇ ನಿಂತುಬಿಡುವುದು ತಪ್ಪು. ಕಲ್ಲನ್ನು ನೆಟ್ಟವರು ಯಾರು, ಯಾರ ನೆನಪು ಅಳಿಯಬಾರದೆಂದು ನೆಟ್ಟರು ಎಂದು ಕೇಳದೆ ಹೋದರೆ ಶಾಸನ ಕೇವಲ ತೇದಿಯ ಪಟ್ಟಿಯಾಗುತ್ತದೆ. ಈ ಮಾತಿಗೆ ಆತಕೂರಿನ ಶಾಸನ ಒಳ್ಳೆಯ ನಿದರ್ಶನ.

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲ ಶಕವರ್ಷ 872, ಸೌಮ್ಯ ಸಂವತ್ಸರ; ಎಂದರೆ ಕ್ರಿ. ಶ. 949–50. ರಾಷ್ಟ್ರಕೂಟರ ಮೂರನೆಯ ಕೃಷ್ಣನು ಚೋಳ ರಾಜಾದಿತ್ಯನನ್ನು ತಕ್ಕೋಲದಲ್ಲಿ ಎದುರಿಸಿದ ಪ್ರಸಂಗ ಇದರಲ್ಲಿ ಬರುವುದರಿಂದ ಇತಿಹಾಸಕಾರರು ಇದಕ್ಕೆ ಬಹಳ ಬೆಲೆ ಕೊಟ್ಟಿದ್ದಾರೆ. ಅದು ಯುಕ್ತವೇ. ಆದರೆ ಈ ಕಲ್ಲು ಹುಟ್ಟಿದ್ದು ಯುದ್ಧದ ನೆನಪಿಗಲ್ಲ, ಒಂದು ನಾಯಿಯ ನೆನಪಿಗೆ.

ಗಂಗರ ಬೂತುಗನ ಆಳು ಮಣಲೆರ. ಅವನ ಶೌರ್ಯಕ್ಕೆ ಮೆಚ್ಚಿದ ಒಡೆಯನು ಬೇಕಾದುದನ್ನು ಬೇಡಿಕೋ ಎಂದನು. ಮಣಲೆರನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೊಂದು ದಿನ ಬೆಳತೂರಿನ ದಿಬ್ಬದ ಬಳಿ ಆ ನಾಯಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟರು. ಎರಡೂ ಕಾದಿ ಜೊತೆಯಾಗಿ ಸತ್ತುವು. ಕಾಳಿಗಾಗಿ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ ಭೂಮಿಯನ್ನು ಬಿಟ್ಟರು. ಕಲ್ಲನ್ನು ಪೂಜಿಸದೆ ಉಂಡ ಗೊರವನು ಆ ನಾಯಿಯ ಪಾಪಕ್ಕೆ ಗುರಿಯಾಗುವನೆಂದು ಕಟ್ಟುಮಾಡಿದರು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು ಶಿಲ್ಪ. ನಾವು ಸಾಮಾನ್ಯವಾಗಿ ಕಾಣುವ ವೀರಗಲ್ಲುಗಳಲ್ಲಿ ಕೆಳಗೆ ಕಾಳಗ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ಇಲ್ಲಿ ಸ್ವರ್ಗದ ಚಿತ್ರವಿಲ್ಲ. ನಾಯಿಯೂ ಹಂದಿಯೂ ಕಾದುತ್ತಿವೆ, ಅಷ್ಟೆ. ಶಿಲ್ಪಿ ಕಂಡದ್ದನ್ನು ಕಂಡಂತೆ ಕಡೆದಿದ್ದಾನೆ. ನಾಯಿಗೆ ಸ್ವರ್ಗವನ್ನು ಕಲ್ಪಿಸದಿದ್ದರೂ ನಿತ್ಯಪೂಜೆಯನ್ನು ಕೊಟ್ಟಿದ್ದಾರೆ. ಆ ಸಂಯಮದಲ್ಲಿಯೇ ದುಃಖದ ತೂಕವಿದೆ.

ಎರಡನೆಯದು ಬರವಣಿಗೆಯ ಕ್ರಮ. ಬೂತುಗನು ರಾಜಾದಿತ್ಯನನ್ನು ಇರಿದು ಕೊಂದದ್ದು, ಅದಕ್ಕಾಗಿ ಕೃಷ್ಣನು ಅವನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಇವುಗಳನ್ನು ಕೊಟ್ಟದ್ದು ಮುಖ್ಯ ಬರಹ ಮುಗಿದ ಮೇಲೆ ಸೇರಿದ ಸಾಲುಗಳಲ್ಲಿವೆ. ಒಡೆಯನಿಗೆ ನಾಡುಗಳು, ಆಳಿಗೆ ನಾಯಿ. ಕಲ್ಲಿನಲ್ಲಿ ಮೊದಲ ಸ್ಥಾನ ದೊರೆತದ್ದು ನಾಯಿಗೆ. ಆ ಸೇರ್ಪಡೆಯಲ್ಲಿ ಬೂತುಗನು ಮಣಲೆರನಿಗೂ ಆತಕೂರು 12ನ್ನೂ ಬೆಳ್ವೊಲದ ಒಂದು ಊರನ್ನೂ ಕೊಟ್ಟನೆಂದಿದೆ. ಆದರೆ ತಾನಾಗಿ ಬೇಡುವ ಸಮಯ ಬಂದಾಗ ಅವನು ಊರನ್ನು ಬೇಡಿರಲಿಲ್ಲ ಎಂಬುದನ್ನು ಮರೆಯಲಾಗದು.

ಆ ಸೇರ್ಪಡೆಯ ಸಾಲುಗಳೇ ನಮಗೊಂದು ಎಚ್ಚರಿಕೆಯನ್ನೂ ಹೇಳುತ್ತವೆ. ಶಾಸನವನ್ನು ಸಂಪಾದಿಸಿದ ಫ್ಲೀಟರ ಮೊದಲ ಓದಿನಲ್ಲಿ ಬೂತುಗನು ರಾಜಾದಿತ್ಯನನ್ನು ವಂಚನೆಯಿಂದ ಕೊಂದನೆಂಬ ಅರ್ಥ ಬಂದಿತ್ತು. ಮುಂದೆ ಆ ಮಾತು ‘ಕಳ’, ಎಂದರೆ ರಣಭೂಮಿ ಎಂದು ತಿಳಿಯಿತು. ಆನೆಯ ಮೇಲಣ ಅಂಬಾರಿಯನ್ನೇ ಕಳವಾಗಿಸಿ ಬೂತುಗನು ಹೋರಾಡಿದನೆಂಬ ಅರ್ಥ ನಿಂತಿತು. ಒಂದು ಮಾತಿನ ತಪ್ಪಿನಿಂದ ವೀರನೊಬ್ಬನು ಕೆಲಕಾಲ ದ್ರೋಹಿಯೆನಿಸಿದ್ದನು. ಚೋಳರ ಲೈಡನ್ ತಾಮ್ರಶಾಸನವನ್ನು ಜೊತೆಗಿಟ್ಟು ನೋಡಿದರೆ ಅಲ್ಲಿಯೂ ರಾಜಾದಿತ್ಯನು ಆನೆಯ ಮೇಲೆಯೇ ಮಡಿದ ವೀರ. ಕೊಂದ ಪಕ್ಷದ ಕಲ್ಲೂ ಸತ್ತ ಪಕ್ಷದ ತಾಮ್ರವೂ ಆನೆಯ ಬೆನ್ನಿನ ಮೇಲೆ ಸಂಧಿಸುತ್ತವೆ.

ಗಡಿನಾಡಿನ ಅಧ್ಯಾಪಕರಿಗೆ ಈ ಕಲ್ಲು ದೂರದ್ದಲ್ಲ. ತಕ್ಕೋಲ ಇಂದು ತಮಿಳುನಾಡಿನಲ್ಲಿದೆ. ಅಲ್ಲಿಯ ಕಾಳಗದ ಸುದ್ದಿ ಉಳಿದದ್ದು ಕನ್ನಡದ ಕಲ್ಲಿನಲ್ಲಿ. ಇಂಥ ಕಥೆಯನ್ನು ಒಂದೇ ಭಾಷೆಯ ಕಣ್ಣಿನಿಂದ ಓದಿದರೆ ಅರ್ಧವೇ ಕಾಣುವುದು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು ಅಥವಾ ತೆಲುಗು ಆಡುವ ನಮಗೆ ಎರಡು ಕಣ್ಣೂ ಇವೆ. ಇದನ್ನು ಕೊರತೆಯೆಂದು ಕೊರಗುವ ಬದಲು ಬಂಡವಾಳವೆಂದು ತಿಳಿಯಬೇಕು.

ಹೊಸೂರು ಕಡೆಯ ಹೊಲಗಳ ಅಂಚಿನಲ್ಲಿ ವೀರಗಲ್ಲುಗಳು ಇನ್ನೂ ನಿಂತಿವೆ. ಇಂಥ ಕಲ್ಲು ಕಂಡಲ್ಲಿ ಅಕ್ಷರವಿಲ್ಲವೆಂದು ಬಿಟ್ಟುಬರಬಾರದು, ಶಿಲ್ಪವೂ ಬರಹವೇ. ಇದ್ದ ಅಕ್ಷರದ ಮೇಲೆ ಸುಣ್ಣ ಬಳಿಯಲು ಬಿಡಬಾರದು. ನಿಂತ ಜಾಗ, ದಿಕ್ಕು, ಊರ ಹಿರಿಯರು ಹೇಳುವ ಹೆಸರು, ಇವನ್ನು ಮೊದಲು ಬರೆದುಕೊಳ್ಳಬೇಕು. ಮಕ್ಕಳನ್ನು ಜೊತೆಗೆ ಕರೆದೊಯ್ಯಬೇಕು. ತಿಳಿಯದ ಕಡೆ ಕಥೆ ಕಟ್ಟಿ ಕಲ್ಲಿನ ಬಾಯಿಗೆ ತುರುಕುವುದೂ ಅಪರಾಧವೇ.

ಆತಕೂರಿನ ಕಲ್ಲು ಸಂಗ್ರಹಾಲಯ ಸೇರಿ ಉಳಿಯಿತು, ಒಳ್ಳೆಯದಾಯಿತು. ಇನ್ನು ಗೊರವನು ಅದರ ಮುಂದೆ ನಿಂತು ಪೂಜಿಸುವುದಿಲ್ಲ. ಆ ಪೂಜೆಯ ಹೊಣೆ ಈಗ ಸರಿಯಾಗಿ ಓದುವವನ ಮೇಲೆ ಬಂದಿದೆ. ಓದದೆ ಉಂಡರೆ ಪಾಪವೂ ಅವನದೇ.