ಮೊದಲು ಕಲ್ಲು ಮುಟ್ಟಿ ನೋಡಿ

ಬಿಯರ್ಡೆಡ್ ಡ್ರ್ಯಾಗನ್ ಎಂಬ ಸಾಕು ಓತಿಗೆ ಹಾಕುವ ಸೊಪ್ಪಿನ ಬಗ್ಗೆ ಈ ವಾರ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ನುಗ್ಗೆಸೊಪ್ಪು, ದಾಸವಾಳದ ಹೂವು, ಹಿಪ್ಪುನೇರಳೆ ಎಲೆ ಒಳ್ಳೆಯವು, ಪಾಲಕ್ ದಿನಾ ಬೇಡ, ಬೆಣ್ಣೆಹಣ್ಣು ಯಾವತ್ತೂ ಬೇಡ. ಇಷ್ಟು ಹೇಳಿ ಆ ಮಾತು ಮುಗಿಸುತ್ತೇನೆ. ಆಷಾಢದ ಗಾಳಿ ಶುರುವಾದಾಗಿನಿಂದ ಬರುತ್ತಿರುವ ಫೋನುಗಳೆಲ್ಲ ಬೇರೆಯೇ ವಿಷಯದವು: ಹೊಸದಾಗಿ ತಂದ ಬಿಯರ್ಡೆಡ್ ಡ್ರ್ಯಾಗನ್ ಏನನ್ನೂ ತಿನ್ನುತ್ತಿಲ್ಲ. ತಿನ್ನದ ಪ್ರಾಣಿಯ ಮುಂದೆ ಯಾವ ಸೊಪ್ಪು ಇಟ್ಟರೇನು?

ತುಮಕೂರಿನ ಕ್ಯಾತ್ಸಂದ್ರದ ಒಂದು ಮನೆಗೆ ಹೋಗಿ ನೋಡಿಬಂದೆ. ಹಾಲ್‌ನಲ್ಲಿ ಟಿವಿ ಪಕ್ಕದಲ್ಲೇ ಗಾಜಿನ ತೊಟ್ಟಿ. ಮರಿ ಮೂಲೆ ಸೇರಿ ಚಪ್ಪಟೆಯಾಗಿ ಮಲಗಿತ್ತು. ಮೈ ಮಂಕಾಗಿತ್ತು, ಗದ್ದದ ಕೆಳಗೆ ಕಪ್ಪು, ಕಣ್ಣು ಅರೆಮುಚ್ಚು. ಬಟ್ಟಲಿನಲ್ಲಿ ದಪ್ಪ ಸೂಪರ್‌ವರ್ಮ್‌ಗಳು ಹರಿದಾಡುತ್ತಿದ್ದವು. ಗಾಜಿಗೆ ಅಂಟಿಸಿದ ದುಂಡು ಥರ್ಮಾಮೀಟರ್ 35 ಡಿಗ್ರಿ ಎನ್ನುತ್ತಿತ್ತು. ಬಲ್ಬಿನ ಕೆಳಗಿದ್ದ ಕಲ್ಲಿಗೇ ಇನ್‌ಫ್ರಾರೆಡ್ ಗನ್ ಹಿಡಿದರೆ 29.

ಮನೆಯವರು ಕೇಳಿದ್ದು, ‘ಬೇರೆ ಯಾವ ಹುಳ ತರಲಿ?’ ಎಂದು. ನಾನು ಹೇಳಿದ್ದು, ಬಲ್ಬು ಬದಲಾಯಿಸಿ ಎಂದು.

ಈ ಪ್ರಾಣಿ ಆಸ್ಟ್ರೇಲಿಯಾದ ಒಳನಾಡಿನ ಒಣಭೂಮಿಯದು. ತಿಂದದ್ದನ್ನು ಅರಗಿಸುವ ಬಿಸಿಯನ್ನು ಅದು ಹೊರಗಿನಿಂದಲೇ ಪಡೆಯಬೇಕು. ಬಿಸಿಲು ಕಾಯುವ ಕಲ್ಲಿನ ಮೇಲ್ಮೈ 40 ಡಿಗ್ರಿಯ ಆಸುಪಾಸು ಇರಬೇಕು, ತೊಟ್ಟಿಯ ಇನ್ನೊಂದು ತುದಿ 25ರ ಹತ್ತಿರ ತಂಪಾಗಿರಬೇಕು. ಎರಡರ ನಡುವೆ ಓಡಾಡಿಕೊಂಡು ಅದು ತನ್ನ ಮೈಬಿಸಿಯನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಬಿಸಿ ಸಾಲದಿದ್ದರೆ ಹೊಟ್ಟೆಗೆ ಹೋದದ್ದು ಅರಗದೆ ಒಳಗೇ ಕೊಳೆಯುತ್ತದೆ. 29 ಡಿಗ್ರಿಯ ಕಲ್ಲಿನ ಮೇಲೆ ಬಾಯಿ ಮುಚ್ಚಿಕೊಂಡು ಕೂತ ಮರಿ ಹಟ ಮಾಡುತ್ತಿಲ್ಲ, ಸರಿಯಾದದ್ದನ್ನೇ ಮಾಡುತ್ತಿದೆ. ಬಿಸಿ ಇದರ ಬದುಕನ್ನು ಎಷ್ಟು ಆಳುತ್ತದೆಂದರೆ, ಮೊಟ್ಟೆಗಳಿಗೆ 32 ಡಿಗ್ರಿಗಿಂತ ಹೆಚ್ಚು ಕಾವು ಸಿಕ್ಕರೆ ವರ್ಣತಂತುವಿನ ಲೆಕ್ಕದಲ್ಲಿ ಗಂಡಾಗಬೇಕಿದ್ದ ಮರಿಗಳೂ ಹೆಣ್ಣಾಗಿ ಹುಟ್ಟುತ್ತವೆ. ಕಾಡಿನಲ್ಲೂ ಹೀಗೆ ಆಗುತ್ತಿದೆ ಎಂದು ಆಸ್ಟ್ರೇಲಿಯಾದ ವಿಜ್ಞಾನಿಗಳು 2015ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದರು.

ತುಮಕೂರಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ತಂದವರಿಗೆ ಈ ತೊಂದರೆ ಅಷ್ಟಾಗಿ ಕಾಣುವುದಿಲ್ಲ, ಕೋಣೆಯೇ ಕಾದಿರುತ್ತದೆ. ಆಷಾಢದಲ್ಲಿ ಮೋಡ, ಗಾಳಿ, ನಡುವೆ ಕರೆಂಟ್ ಹೋಗುವುದು ಬೇರೆ. ಬಲ್ಬಿನ ಕೆಳಗೆ ಒಂದು ತುಂಡು ಕಡಪ ಕಲ್ಲು ಇಡಿ, ಬೇಗ ಕಾಯುತ್ತದೆ, ಬಿಸಿ ಹಿಡಿದಿಟ್ಟುಕೊಳ್ಳುತ್ತದೆ. ಕೆಂಪು ಬಲ್ಬು ಬೇಡ, ಬಿಳಿ ಹ್ಯಾಲೊಜೆನ್ ಸಾಕು. ಜೊತೆಗೆ ನೇರಳಾತೀತ ಕಿರಣದ ಯುವಿಬಿ ಟ್ಯೂಬ್ ಬೇಕೇ ಬೇಕು, ದಿನಕ್ಕೆ ಸುಮಾರು 12 ಗಂಟೆ. ಕಿಟಕಿ ಗಾಜಿನ ಮೂಲಕ ಬೀಳುವ ಬಿಸಿಲು ಲೆಕ್ಕಕ್ಕಿಲ್ಲ, ಯುವಿಬಿಯನ್ನು ಗಾಜು ತಡೆದುಬಿಡುತ್ತದೆ. ಮೋಡ ಸರಿದ ಬೆಳಗ್ಗೆ ಜಾಲರಿ ಪೆಟ್ಟಿಗೆಯಲ್ಲಿ ತಾರಸಿ ಮೇಲಿಡಿ, ಒಂದು ಬದಿ ನೆರಳಿರಲಿ. ಗಾಜಿನ ತೊಟ್ಟಿಯನ್ನೇ ಬಿಸಿಲಿಗಿಟ್ಟರೆ ಪ್ರಾಣಿ ಬೆಂದು ಸಾಯುತ್ತದೆ.

ಇನ್ನು ನನ್ನ ಹಳೆಯ ತಕರಾರು. ಎರಡು ದಿನ ತಿನ್ನದಿದ್ದರೆ ಬಾಯಿ ಬಿಡಿಸಿ ಸಿರಿಂಜಿನಲ್ಲಿ ಹಾಕಿ ಎನ್ನುವ ಪಂಥವೊಂದು ಈ ಹವ್ಯಾಸದಲ್ಲಿ ಬಲವಾಗಿ ಬೇರು ಬಿಟ್ಟಿದೆ. ನಾನು ಅದನ್ನು ಒಪ್ಪಿದ್ದಿಲ್ಲ, ಒಪ್ಪುವುದೂ ಇಲ್ಲ. ತಣ್ಣಗಿರುವ ಹೊಟ್ಟೆಗೆ ತುರುಕಿದ್ದು ಪೆಟ್ಟಿನ ಮೇಲೆ ಪೆಟ್ಟು. ದವಡೆಗೆ ಏಟಾಗುತ್ತದೆ, ಶ್ವಾಸನಾಳಕ್ಕೆ ಹೋದರೆ ಮುಗಿದೇ ಹೋಯಿತು. ಅದು ವೈದ್ಯರ ಕೈಯಲ್ಲಿ, ವೈದ್ಯರ ಲೆಕ್ಕದಲ್ಲಿ ನಡೆಯಬೇಕಾದ ಕೆಲಸ. ಸುಣ್ಣದಂಶ ಕಡಿಮೆಯಾಗಿ ಮೂಳೆ ಮೆತ್ತಗಾದ ಮರಿಯ ದವಡೆ ಒತ್ತಿದರೆ ಬಾಗುತ್ತದೆ. ಅಂಥದ್ದರ ಬಾಯನ್ನು ಮನೆಯಲ್ಲಿ ಬಿಡಿಸಲು ಹೋಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ತಿನ್ನದ ಜೀವವನ್ನು ಸುಮ್ಮನೆ ಬಿಡುವುದು ಹೇಗೆಂದು ಕಲಿಯಬೇಕಾದರೆ ಕುಣಿಗಲ್ ಕಡೆಯ ಯಾವುದಾದರೂ ರೇಷ್ಮೆ ಮನೆಗೆ ಹೋಗಿ. ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಪೊರೆ ಬಿಡುತ್ತದೆ. ತಲೆ ಎತ್ತಿಕೊಂಡು ಅಲ್ಲಾಡದೆ ಕೂತ ಹುಳಕ್ಕೆ ಯಾವ ರೈತನೂ ಸೊಪ್ಪು ಹಾಕುವುದಿಲ್ಲ. ಸೊಪ್ಪು ನಿಲ್ಲಿಸುತ್ತಾನೆ, ಹಾಸಿಗೆ ಒಣಗಿಸುತ್ತಾನೆ, ಎಲ್ಲ ಹುಳು ಏಳುವವರೆಗೆ ಕಾಯುತ್ತಾನೆ. ಗೋಡೆಯಲ್ಲಿ ಥರ್ಮಾಮೀಟರ್ ತೂಗುತ್ತಿರುತ್ತದೆ. ಚಾಕಿಯ ಎಳೆ ಹುಳಕ್ಕೆ 27–28 ಡಿಗ್ರಿ, ದೊಡ್ಡ ಹುಳಕ್ಕೆ 24–25. ಹುಳ ಮೇಯಲಿಲ್ಲವೆಂದರೆ ಆತನ ಕಣ್ಣು ಮೊದಲು ಹೋಗುವುದು ಆ ಗೋಡೆಯ ಕಡೆಗೆ, ಸೊಪ್ಪಿನ ಬುಟ್ಟಿ ಆಮೇಲೆ. ಡ್ರ್ಯಾಗನ್ ಕೂಡ ಪೊರೆ ಬಿಡುವಾಗ ಊಟ ಕಡಿಮೆ ಮಾಡುತ್ತದೆ.

ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯನ್ನು ನಾನು ಮತ್ತೆ ಮತ್ತೆ ಓದುವುದು ಆ ರೈತನಂತೆ ನೋಡಿ ಕಲಿತವರ ಕಣ್ಣಿಗಾಗಿಯೇ. ಹಾರುವ ಓತಿಯನ್ನು ಕಣ್ಣಾರೆ ಕಂಡಿದ್ದವನು ಜೇನು ಹಿಡಿಯುವ ಮಂದಣ್ಣ. ಅವನ ಕಣ್ಣಿನ ಬೆಲೆ ಗೊತ್ತಿದ್ದದ್ದು ವಿಜ್ಞಾನಿ ಕರ್ವಾಲೊಗೆ. ಆ ಹಾರುವ ಓತಿಯೂ ನಮ್ಮ ಬೇಲಿಯ ಓತಿಕ್ಯಾತವೂ ಈ ಆಸ್ಟ್ರೇಲಿಯಾದ ಗಡ್ಡದ ಓತಿಯೂ ಅಗಾಮಿಡೇ ಎಂಬ ಒಂದೇ ಕುಟುಂಬದವು. ಅವುಗಳ ಬಗ್ಗೆ ತಿಳಿದವರು ನಮ್ಮ ಸುತ್ತಲೇ ಇದ್ದಾರೆ.

ರೇಷ್ಮೆ ಹುಳುವೇ ಡ್ರ್ಯಾಗನ್‌ಗೆ ಅತ್ಯುತ್ತಮ ಆಹಾರ ಎನ್ನುವುದು ನನ್ನ ಬಹುಕಾಲದ ವಾದ. ಮೈ ಮೆತ್ತಗೆ, ನೀರಿನಂಶ ಹೆಚ್ಚು, ಸೂಪರ್‌ವರ್ಮ್‌ನಷ್ಟು ಕೊಬ್ಬಿಲ್ಲ. ಬಾಯಿ ಕಟ್ಟಿಕೊಂಡ ಮರಿಯೂ ಬಿಳಿ ಹುಳ ನಿಧಾನಕ್ಕೆ ಹರಿಯುವುದನ್ನು ಕಂಡರೆ ಅನೇಕ ಸಲ ನಾಲಿಗೆ ಚಾಚುತ್ತದೆ. ಹೊರದೇಶದವರು ಡಬ್ಬಿಯಲ್ಲಿ ಕೊಂಡು ತರುವ ಹುಳು ನಮ್ಮಲ್ಲಿ ತಟ್ಟೆ ತಟ್ಟೆ ಇದೆ. ಹಿಪ್ಪುನೇರಳೆಗೆ ಔಷಧಿ ಹೊಡೆದಿದ್ದರೆ ಹುಳುವೇ ಉಳಿಯುತ್ತಿರಲಿಲ್ಲ, ಆ ಮಟ್ಟಿಗೆ ನಂಬಬಹುದು. ಆದರೆ ಹಾಸಿಗೆಗೆ ಉದುರಿಸುವ ವಿಜೇತ ಎಂಬ ಸೋಂಕುನಿವಾರಕ ಪುಡಿ, ಸುಣ್ಣ ಮೈಮೇಲಿರುತ್ತದೆ. ತಂದು ಒಂದೆರಡು ದಿನ ಶುದ್ಧ ಎಲೆಯಲ್ಲಿ ಮೇಯಿಸಿ ಆಮೇಲೆ ಕೊಡಿ. ಹಾಲುತೊಂಡೆ, ಸುಣ್ಣಕಟ್ಟು ರೋಗ ಬಂದ ಹುಳ ಬೇಡ. ಮರಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದಪ್ಪದ ಹುಳವೂ ಬೇಡ. ಹಿತ್ತಲಿನ ಹುಳ ಹಿಡಿದು ಹಾಕುವವರು ಮಿಂಚುಹುಳುವನ್ನು ಖಂಡಿತ ಮುಟ್ಟಬಾರದು. ಅಮೆರಿಕದಲ್ಲಿ ಅವನ್ನು ತಿಂದ ಬಿಯರ್ಡೆಡ್ ಡ್ರ್ಯಾಗನ್‌ಗಳು ಸತ್ತದ್ದು 1999ರಲ್ಲೇ ವೈಜ್ಞಾನಿಕ ಪತ್ರಿಕೆಯಲ್ಲಿ ದಾಖಲಾಗಿದೆ.

‘ಸಾಕಾಯಿತು, ದೇವರಾಯನದುರ್ಗಕ್ಕೆ ಬಿಟ್ಟುಬರಲೇ?’ ಎಂದು ಕೇಳಿದವರೂ ಇದ್ದಾರೆ. ದಯವಿಟ್ಟು ಬೇಡ. ಸಾಕಿದ ಡ್ರ್ಯಾಗನ್‌ಗಳಲ್ಲಿ ಅಡಿನೋವೈರಸ್ ಸಾಮಾನ್ಯ. ಅಲ್ಲಿನ ಬಂಡೆಗಳ ಮೇಲಿರುವುದು ಅದೇ ಕುಟುಂಬದ ಕಲ್ಲು ಓತಿ, ಸೋಂಕು ಅದಕ್ಕೂ ತಗುಲೀತು. ದುರ್ಗಕ್ಕೆ ಹೋಗುವುದಾದರೆ ಬರಿಗೈಯಲ್ಲಿ ಹೋಗಿ, ಕಲ್ಲು ಓತಿಯನ್ನು ದೂರದಿಂದ ನೋಡಿ. ಮರಿ ಮಾಡುವ ಕಾಲದಲ್ಲಿ ಗಂಡಿನ ಬೆನ್ನು ಕೆಂಪು ಕಿತ್ತಳೆ, ಪಕ್ಕೆ ಕಪ್ಪು. ಆ ಬಣ್ಣ ನೋಡನೋಡುತ್ತಲೇ ಬದಲಾಗುವುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮರಿಯಾ ಠಾಕರ್ ಅವರ ತಂಡ ಅಧ್ಯಯನ ಮಾಡಿದೆ. ಬೆಳಗ್ಗೆ ಅದು ಮೊದಲು ಮೈಯನ್ನು ಬಂಡೆಗೆ ಒತ್ತಿಕೊಂಡು ಬಿಸಿಲಿಗೆ ಹರಡುತ್ತದೆ. ಕಾಲ ಮುಂದೆಯೇ ಇರುವೆ ಸಾಲು ಹೋದರೂ ತಲೆ ಹೊರಳಿಸುವುದಿಲ್ಲ. ಮೈ ಕಾದ ಮೇಲೆ ಮುಂಗಾಲೂರಿ ಎದ್ದು ತಲೆ ಆಡಿಸುತ್ತದೆ, ಆಮೇಲೆ ಬೇಟೆ. ನಿಮ್ಮ ತೊಟ್ಟಿಯಲ್ಲಿ ಬಲ್ಬು ಹತ್ತಿದ ಕೂಡಲೇ ಹುಳ ಹಾಕುವ ಅಭ್ಯಾಸವಿದ್ದರೆ ಬಿಡಿ, ಮೈ ಕಾಯಿಸಿಕೊಳ್ಳಲು ಅದಕ್ಕೆ ಒಂದೆರಡು ಗಂಟೆ ಕೊಡಿ. ಸಂಜೆ ದೀಪ ಆರುವ ಎರಡು ಗಂಟೆ ಮೊದಲೇ ಊಟ ಮುಗಿದಿರಲಿ.

ಹೊಸ ಜಾಗದ ಗಾಬರಿಗೆ ದೊಡ್ಡ ಪ್ರಾಣಿ ಒಂದೆರಡು ವಾರ ತಿನ್ನದಿದ್ದರೂ ತಡೆದೀತು. ಗಾಜಿನ ಮೂರು ಬದಿಗೆ ಹಳೆ ಪತ್ರಿಕೆ ಅಂಟಿಸಿ, ತನ್ನದೇ ಬಿಂಬ ಕಂಡು ಬೆದರುವುದು ತಪ್ಪುತ್ತದೆ. ಎತ್ತಿ ಆಡಿಸಬೇಡಿ. ಮೂತಿಯ ಮೇಲೆ ನೀರು ಹನಿಸಿ, ನೆಕ್ಕುತ್ತದೆ. ಅಡುಗೆಮನೆ ಡಿಜಿಟಲ್ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಬರೆದಿಡಿ. ತೂಕ ಹತ್ತನೇ ಒಂದು ಭಾಗ ಇಳಿದರೆ, ಕಣ್ಣು ಗುಳಿ ಬಿದ್ದರೆ, ಬಾಲದ ಬುಡದಲ್ಲಿ ಮೂಳೆ ಎದ್ದು ಕಂಡರೆ, ಕಾಲು ನಡುಗಿದರೆ ಕಾಯಬೇಡಿ. ಎಳೆಯ ಮರಿಯಾದರೆ ಕಲ್ಲು ಸರಿಯಾಗಿ ಕಾದ ಮೇಲೂ ಮೂರ್ನಾಲ್ಕು ದಿನ ತಿನ್ನದಿದ್ದರೆ ಸಾಕು, ಹೊರಡಿ. ಸರೀಸೃಪ ನೋಡುವ ವೈದ್ಯರು ಬೆಂಗಳೂರಿನಲ್ಲಿ ಸಿಗುತ್ತಾರೆ, ಕ್ಯಾತ್ಸಂದ್ರದಿಂದ ಎರಡು ಗಂಟೆಯ ದಾರಿ. ಅಂದಿನದೇ ಹಿಕ್ಕೆಯನ್ನು ಪುಟ್ಟ ಡಬ್ಬಿಯಲ್ಲಿ ಒಯ್ಯಿರಿ. ಕಾಕ್ಸಿಡಿಯಾ, ಸೂಜಿಹುಳ ಇವೆಯೇ ಎಂದು ಅವರು ಮೊದಲು ನೋಡುವುದು ಅದನ್ನೇ. ಪ್ರಾಣಿಯನ್ನು ಬಟ್ಟೆ ಹಾಸಿದ ಪೆಟ್ಟಿಗೆಯಲ್ಲಿ ಬೆಚ್ಚಗಿಟ್ಟು, ಬಸ್ಸಿನಲ್ಲಿ ಕಿಟಕಿಯ ಗಾಳಿ ತಾಗದಂತೆ ಕೂತು ಕರೆದೊಯ್ಯಿರಿ.